ಮಕ್ಕಳ ಟಾನ್ಸಿಲ್, ಅಡಿನಾಯ್ಡ್ ಆಪರೇಷನ್ ಆದ ಮೇಲೆ ರಕ್ತ ಬಂದರೆ? ಕೊಡಗಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ಇಎನ್‌ಟಿ (ಕಿವಿ, ಮೂಗು, ಗಂಟಲು) ವಾರ್ಡ್‌ನಲ್ಲಿ ನರ್ಸ್. ಊರು ನಾಪೋಕ್ಲು ಕಡೆ. ಊರಿಗೆ ಬಂದರೆ ಸಾಕು, ಮದುವೆ ಮನೆಯಲ್ಲಿ ಕೈ ತೊಳೆಯುವ ಜಾಗದಲ್ಲೂ ಯಾರಾದರೂ ಹಿಡಿದು ನಿಲ್ಲಿಸಿ ಮಗುವಿನ ಟಾನ್ಸಿಲ್ ಬಗ್ಗೆ ಕೇಳುತ್ತಾರೆ, ಅದರಲ್ಲೂ ರಕ್ತದ ಬಗ್ಗೆ. ಒಬ್ಬೊಬ್ಬರಿಗೆ ವಾಟ್ಸಾಪ್‌ನಲ್ಲಿ ಉತ್ತರ ಬರೆಯುವ ಬದಲು ಎಲ್ಲ ಒಂದೇ ಕಡೆ ಹಾಕಿದ್ದೇನೆ. ನಿಮ್ಮ ಸರ್ಜನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೇಳಿ. ಅವರು ಮಗುವನ್ನು ನೋಡಿದ್ದಾರೆ, ನಾನು ನೋಡಿಲ್ಲ.

ರಕ್ತ ಬರೋದು ಎಷ್ಟು ಮಕ್ಕಳಿಗೆ? ಆಪರೇಷನ್ ಮಾಡಿಸೋಕೇ ಭಯ ಆಗ್ತಿದೆ.

ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ನಲ್ಲಿ 2003-04ರಲ್ಲಿ ಸುಮಾರು 34 ಸಾವಿರ ಟಾನ್ಸಿಲ್ ಆಪರೇಷನ್‌ಗಳ ಲೆಕ್ಕ ಇಟ್ಟು ನೋಡಿದರು. ದೊಡ್ಡವರು, ಮಕ್ಕಳು ಎಲ್ಲ ಸೇರಿ 3.5% ಜನರಿಗೆ ರಕ್ತ ಬಂದಿತ್ತು. ಅದಕ್ಕಾಗಿ ಮತ್ತೆ ಥಿಯೇಟರ್‌ಗೆ ಹೋಗಬೇಕಾದವರು 0.9%, ಅಂದರೆ ನೂರರಲ್ಲಿ ಒಬ್ಬರಿಗೂ ಕಡಿಮೆ. ದೊಡ್ಡವರಿಗೆ ಜಾಸ್ತಿ, ಪುಟ್ಟ ಮಕ್ಕಳಿಗೆ ಕಡಿಮೆ. ಗೊರಕೆ, ಉಸಿರುಕಟ್ಟುವುದು ಅಂತ ತೆಗೆಸಿದವರಿಗಿಂತ ಪದೇ ಪದೇ ಸೋಂಕಾಗಿ ತೆಗೆಸಿದವರಿಗೆ ಸ್ವಲ್ಪ ಜಾಸ್ತಿ.

ಇದು ಹೆದರಿ ಆಪರೇಷನ್ ಬಿಡುವಂಥ ಲೆಕ್ಕ ಅಲ್ಲ. ಆದರೆ ನಮಗೆ ಬರೋದಿಲ್ಲ ಬಿಡಿ ಅಂತ ಸುಮ್ನೆ ಕೂರುವಂಥದ್ದೂ ಅಲ್ಲ, ಯಾಕೆಂದರೆ ಮಡಿಕೇರಿ ಪೇಟೆಯಲ್ಲಿ ಇರುವವರಿಗೂ ಮಾಕುಟ್ಟದ ಹತ್ತಿರದ ತೋಟದಲ್ಲಿ ಇರುವವರಿಗೂ ಅಪಾಯ ಅಷ್ಟೇ ಇದ್ದರೂ ಆಸ್ಪತ್ರೆ ಮುಟ್ಟುವ ಹೊತ್ತು ಬೇರೆ ಬೇರೆ.

ಆಪರೇಷನ್ ದಿನ ರಾತ್ರಿ ಏನೂ ಆಗಲಿಲ್ಲ. ಇನ್ನು ಭಯ ಇಲ್ಲ ಅಲ್ವಾ?

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ರಕ್ತ ಎರಡು ಸಮಯದಲ್ಲಿ ಬರಬಹುದು. ಒಂದು ಮೊದಲ 24 ಗಂಟೆಯೊಳಗೆ. ಆಗ ನೀವು ಬಹುಪಾಲು ಆಸ್ಪತ್ರೆಯಲ್ಲೇ ಇರುತ್ತೀರಿ, ನಾವು ನೋಡಿಕೊಳ್ಳುತ್ತೇವೆ. ಇನ್ನೊಂದು ಆಮೇಲೆ, ಸಾಮಾನ್ಯವಾಗಿ 5ನೇ ದಿನದಿಂದ 10ನೇ ದಿನದೊಳಗೆ, ಕೆಲವರಿಗೆ ಎರಡು ವಾರದವರೆಗೂ. ಆ ಹೊತ್ತಿಗೆ ಮಗು ಚೆನ್ನಾಗಿ ಆಡುತ್ತಿರುತ್ತದೆ, ಅಪ್ಪ ಕೆಲಸಕ್ಕೆ ಹೋಗಿರುತ್ತಾರೆ, ನೋಡಿಕೊಳ್ಳಲು ಬಂದ ದೊಡ್ಡಮ್ಮ ವಾಪಸ್ ಊರಿಗೆ ಹೋಗಿರುತ್ತಾರೆ, ಜೀಪ್ ಬೇರೆ ಯಾರೋ ತೆಗೆದುಕೊಂಡು ಹೋಗಿರುತ್ತಾರೆ. ಹಾಗಾಗಿ ಆಪರೇಷನ್ ತಾರೀಖು ಗೊತ್ತು ಮಾಡುವಾಗಲೇ ಎರಡನೇ ವಾರದ ಲೆಕ್ಕ ಹಾಕಿ. ಆ ದಿನಗಳಲ್ಲಿ ಮಗು ಎಲ್ಲಿ ಇರುತ್ತದೆ, ರಾತ್ರಿ ಎರಡು ಗಂಟೆಗೆ ಹೊರಡಬೇಕಾದರೆ ಯಾರು ಗಾಡಿ ಓಡಿಸುತ್ತಾರೆ? ನಾನು ಹೇಳಬೇಕಾದ್ದರಲ್ಲಿ ಮುಖ್ಯವಾದದ್ದು ಇದೇ.

ವಾರ ಕಳೆದ ಮೇಲೆ ಯಾಕೆ ಬರುತ್ತೆ? ಹೊಲಿಗೆ ಹಾಕಿರಲ್ವಾ?

ಟಾನ್ಸಿಲ್ ತೆಗೆದ ಜಾಗಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ. ಅದು ತೆರೆದ ಗಾಯ, ತಾನಾಗಿಯೇ ಮಾಯಬೇಕು. ಗಾಯದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬಿದ್ದು ಮಂಡಿ ತರಚಿದರೆ ಹಕ್ಕಳೆ ಕಟ್ಟುತ್ತದಲ್ಲ, ಹಾಗೆಯೇ, ಆದರೆ ಬಾಯಿಯ ಒಳಗೆ ಯಾವಾಗಲೂ ಒದ್ದೆ ಇರುವುದರಿಂದ ಅದು ಕಪ್ಪಗೆ ಒಣಗದೆ ಬಿಳಿಯಾಗಿ ಮೆತ್ತಗೆ ಇರುತ್ತದೆ. ಐದಾರು ದಿನ ಕಳೆದ ಮೇಲೆ ಈ ಪೊರೆ ಬಿಡಲು ಶುರುವಾಗುತ್ತದೆ. ಅಡಿಯಲ್ಲಿ ಹೊಸ ಚರ್ಮ ಸರಿಯಾಗಿ ಬಂದಿರದಿದ್ದರೆ, ಅಲ್ಲಿರುವ ರಕ್ತನಾಳ ಬಾಯಿ ತೆರೆದರೆ, ರಕ್ತ ಬರುತ್ತದೆ. ಗಂಟಲಿನ ಈ ಭಾಗಕ್ಕೆ ಕತ್ತಿನ ದೊಡ್ಡ ನಾಳದಿಂದ ಹಲವು ಕವಲುಗಳು ಬರುತ್ತವೆ, ಅದಕ್ಕೇ ಬಂದರೆ ಕೆಲವೊಮ್ಮೆ ಜೋರಾಗಿಯೇ ಬರುತ್ತದೆ.

ಬಹಳ ಸಲ ಇದಕ್ಕೆ ಯಾರದ್ದೂ ತಪ್ಪಿರುವುದಿಲ್ಲ. ರೊಟ್ಟಿ ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಅಜ್ಜಿಯ ಮೇಲೆ ಕೂಗಾಡಬೇಡಿ.

ಅಡಿನಾಯ್ಡ್ ಮಾತ್ರ ತೆಗೆಸಿದ್ದೇವೆ. ನಮಗೂ ಇದೆಲ್ಲ ಬೇಕಾ?

ಅಪಾಯ ಇನ್ನೂ ಕಡಿಮೆ. ಬಂದರೂ ಹೆಚ್ಚಾಗಿ ಮೊದಲ ದಿನವೇ. ಅಡಿನಾಯ್ಡ್ ಇರುವುದು ಮೂಗಿನ ಹಿಂದೆ, ಬಾಯಿ ತೆರೆದು ನೋಡಿದರೆ ಕಾಣುವುದಿಲ್ಲ. ರಕ್ತ ಮೂಗಿನಿಂದ ಬರಬಹುದು, ಇಲ್ಲವೇ ಹಿಂದಿನಿಂದಲೇ ಗಂಟಲಿಗೆ ಇಳಿದು ಹೊಟ್ಟೆಗೆ ಹೋಗಬಹುದು. ಮೊದಲ ದಿನ ಮೂಗಿನ ಸಿಂಬಳದಲ್ಲಿ ರಕ್ತದ ಗೆರೆ ಕಂಡರೆ ಗಾಬರಿ ಬೇಡ. ತೊಟ್ಟಿಕ್ಕುತ್ತಲೇ ಇದ್ದರೆ ಬನ್ನಿ. ಎರಡು ವಾರ ಮೂಗು ಜೋರಾಗಿ ಸೀಟುವುದು ಬೇಡ, ಒರೆಸಿ ಸಾಕು.

ಟಾರ್ಚ್ ಹಾಕಿ ನೋಡಿದರೆ ಗಂಟಲಲ್ಲಿ ಬಿಳಿ ಬಿಳಿ ಇದೆ, ವಾಸನೆ ಬೇರೆ. ಕೀವಾ?

ಕೀವು ಅಲ್ಲ, ಮೇಲೆ ಹೇಳಿದ ಪೊರೆ ಅದು. ಕಿರುನಾಲಿಗೆಯ ಎರಡೂ ಬದಿಗೆ ಮೊಸರಿನ ಬಣ್ಣದಲ್ಲಿ, ಕೆಲವೊಮ್ಮೆ ಸ್ವಲ್ಪ ಹಳದಿಯಾಗಿ ಕಾಣುತ್ತದೆ. ಬಾಯಿ ವಾಸನೆ ಎರಡು ವಾರದವರೆಗೂ ಇರಬಹುದು. ಬಟ್ಟೆ ಸುತ್ತಿದ ಬೆರಳಿನಿಂದ, ಇಯರ್‌ಬಡ್‌ನಿಂದ ಅದನ್ನು ಒರೆಸಿ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಅದನ್ನು ಕಿತ್ತರೆ ರಕ್ತಕ್ಕೆ ನೀವೇ ದಾರಿ ಮಾಡಿದ ಹಾಗೆ.

ದಿನಕ್ಕೆ ಒಂದು ಸಲ ಟಾರ್ಚ್ ಹಾಕಿ ನೋಡಿ, ಸಾಕು. ನೋಡಬೇಕಾದದ್ದು ಬಿಳಿ ಬಣ್ಣ ಅಲ್ಲ, ಕೆಂಪು ಹೊಸ ರಕ್ತ, ಇಲ್ಲವೇ ಕಡುಗೆಂಪು ಗಡ್ಡೆ. ಗಡ್ಡೆ ಕೂತಿದ್ದರೆ ರಕ್ತ ಈಗ ನಿಂತ ಹಾಗೆ ಕಂಡರೂ ಆಸ್ಪತ್ರೆಗೆ ತೋರಿಸಬೇಕು.

ಮಗು ಮಲಗಿರುವಾಗ ರಕ್ತ ಬಂದರೆ ಗೊತ್ತಾಗೋದು ಹೇಗೆ?

ಒಳ್ಳೆಯ ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ. ಮಕ್ಕಳು ರಕ್ತವನ್ನು ಉಗುಳುವುದಿಲ್ಲ, ನುಂಗುತ್ತಾರೆ. ದಿಂಬಿನ ಮೇಲೆ ಕಲೆ ಇಲ್ಲ ಅಂದ ಮಾತ್ರಕ್ಕೆ ರಕ್ತ ಬಂದಿಲ್ಲ ಅಂತ ಅಲ್ಲ. ಮಲಗಿದ ಮಗುವಿನ ಕತ್ತು ನೋಡಿ. ನಿದ್ದೆಯಲ್ಲಿ ನಾವು ಅಪರೂಪಕ್ಕೊಮ್ಮೆ ನುಂಗುತ್ತೇವೆ. ರಕ್ತ ಇಳಿಯುತ್ತಿದ್ದರೆ ಗಂಟಲು ಕ್ಷಣಕ್ಷಣಕ್ಕೂ ಮೇಲೆ ಕೆಳಗೆ ಆಡುತ್ತದೆ, ಒಂದು ನುಂಗಿ ಮುಗಿಯುವಷ್ಟರಲ್ಲಿ ಇನ್ನೊಂದು. ಗಂಟಲಲ್ಲಿ ಗೊಳಗೊಳ ಸದ್ದು ಬರಬಹುದು. ಮಗು ಸುಮ್ಮನೆ ಎದ್ದು ಕೂತು ಹೊಟ್ಟೆ ತೊಳಸುತ್ತದೆ ಅನ್ನಬಹುದು. ಆಮೇಲೆ ಒಮ್ಮೆಲೇ ವಾಂತಿ. ಅದು ಕೆಂಪಾಗಿದ್ದರೆ ಹೊಸ ರಕ್ತ. ಕಾಫಿ ಗಸಿಯ ಹಾಗೆ ಕಂದು ಕಪ್ಪಾಗಿದ್ದರೆ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಇದ್ದ ರಕ್ತ. ಆಪರೇಷನ್ ಆದ ದಿನ ಒಂದು ಸಲ ಕಂದು ಬಣ್ಣದ ವಾಂತಿ ಆದರೆ ಅದು ಆಪರೇಷನ್ ಸಮಯದಲ್ಲಿ ನುಂಗಿದ್ದಿರಬಹುದು, ಮತ್ತೆ ಮತ್ತೆ ಆದರೆ ಅಥವಾ ಮನೆಗೆ ಬಂದ ಮೇಲೆ ಆದರೆ ಹಾಗೆ ಅಂದುಕೊಳ್ಳಬೇಡಿ.

ಮುಖ ಬಿಳಿಚಿಕೊಳ್ಳುವುದು, ಕೈಕಾಲು ತಣ್ಣಗಾಗುವುದು, ಎದೆ ಡವಡವ ಹೊಡೆದುಕೊಳ್ಳುವುದು, ವಿಪರೀತ ಮಂಕಾಗುವುದು ಕಂಡರೆ ಆಗಲೇ ತುಂಬಾ ರಕ್ತ ಹೋಗಿದೆ. 20 ಕೆಜಿ ಮಗುವಿನ ಮೈಯಲ್ಲಿ ಇರುವುದೇ ಸುಮಾರು ಒಂದೂವರೆ ಲೀಟರ್ ರಕ್ತ. ನಮಗೆ ಒಂದು ಲೋಟ ಹೋದರೆ ನಡೆಯುತ್ತದೆ, ಅವರಿಗೆ ಅದು ದೊಡ್ಡ ಪಾಲು. ಇನ್ನೊಂದು ಮಾತು, ಮಕ್ಕಳ ಬಿಪಿ ಕೊನೆಯವರೆಗೂ ಸರಿಯಾಗಿಯೇ ಇದ್ದು ಆಮೇಲೆ ಒಮ್ಮೆಲೇ ಬೀಳುತ್ತದೆ. ಬಿಪಿ ಮೆಷಿನ್ ಸರಿ ತೋರಿಸುತ್ತಿದೆ ಅಂತ ಕಾಯಬೇಡಿ.

ಹತ್ತು ದಿನ ಮಗುವಿನ ಜೊತೆ ಒಬ್ಬರು ಅದೇ ಕೋಣೆಯಲ್ಲಿ ಮಲಗಿ.

ಉಗುಳಲ್ಲಿ ಒಂದು ಗೆರೆ ರಕ್ತ ಬಂತು, ನಿಂತೂ ಹೋಯ್ತು. ಅಷ್ಟಕ್ಕೇ ಓಡಬೇಕಾ?

ಮೊದಲ ದಿನ ಉಗುಳಿನಲ್ಲಿ ತಿಳಿಗೆಂಪು ಬಣ್ಣ ಸಾಮಾನ್ಯ. ಅದಾದ ಮೇಲೆ, ಅದರಲ್ಲೂ ಐದನೇ ದಿನದ ನಂತರ ಹೊಸ ರಕ್ತ ಕಂಡರೆ, ಸ್ವಲ್ಪವೇ ಇರಲಿ, ನಿಂತೇ ಹೋಗಿರಲಿ, ಫೋನ್ ಮಾಡಿ ಹೊರಡಿ. ದೊಡ್ಡದಾಗಿ ಬರುವ ಮುಂಚೆ ಹೀಗೆ ಸ್ವಲ್ಪ ಬಂದು ನಿಲ್ಲುವುದುಂಟು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಒಂದು ದಿನ ಇಟ್ಟುಕೊಂಡು ನೋಡುತ್ತಾರೆ, ಬಹಳ ಮಕ್ಕಳು ಮತ್ತೇನೂ ಆಗದೆ ಮನೆಗೆ ಹೋಗುತ್ತಾರೆ. ಸುಮ್ಮನೆ ಬಂದಿರಿ ಅಂತ ಯಾರೂ ಬೈಯುವುದಿಲ್ಲ. ಬೈದರೂ ಪರವಾಗಿಲ್ಲ, ಬನ್ನಿ.

ಜೋರಾಗಿ ರಕ್ತ ಬಂದರೆ ಮನೆಯಲ್ಲಿ ಮೊದಲು ಏನು ಮಾಡಬೇಕು?

ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ಬಾಯಿ ತೆರೆದು ಉಗುಳಲು ಹೇಳಿ. ನುಂಗಬೇಡ ಅಂತ ಮೆತ್ತಗೆ ಹೇಳಿ, ನೀವು ಕಿರುಚಿದರೆ ಅದು ಅಳುತ್ತದೆ, ಅತ್ತರೆ ರಕ್ತ ಇನ್ನೂ ಜಾಸ್ತಿ. ಬಿಳಿ ಬೇಸಿನ್ ಅಥವಾ ಸ್ಟೀಲ್ ಪಾತ್ರೆಯಲ್ಲಿ ಉಗುಳಿಸಿ, ಎಷ್ಟು ಅಂತ ಗೊತ್ತಾಗುತ್ತದೆ. ಒಂದು ಫೋಟೋ ತೆಗೆದುಕೊಂಡರೆ ನಮಗೆ ಬಹಳ ಉಪಯೋಗ. 108ಕ್ಕೆ ಫೋನ್ ಮಾಡಿ, ಇಲ್ಲವೇ ಗಾಡಿ ತಯಾರಿದ್ದರೆ ಅದರಲ್ಲೇ ಹೊರಡಿ.

ಗಾಡಿಯಲ್ಲಿ ಅಮ್ಮನ ಮಡಿಲಲ್ಲಿ ಮಗುವನ್ನು ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಹಾಕಿ ತರುವುದನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ರಕ್ತ ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಕೂತಿರಲಿ. ಕೂರಲಾಗದಷ್ಟು ಮಂಪರಿದ್ದರೆ ಒಂದು ಬದಿಗೆ ತಿರುಗಿಸಿ, ಬಾಯಿ ಕೆಳಮುಖವಾಗಿರುವಂತೆ ಮಲಗಿಸಿ. ಗಾಡಿಯಲ್ಲಿ ಓಡಿಸುವವರನ್ನು ಬಿಟ್ಟು ಇನ್ನೊಬ್ಬ ದೊಡ್ಡವರು ಇರಲೇಬೇಕು.

ಬಾಯಿಗೆ ಏನೂ ಹಾಕಬೇಡಿ. ಹಾಲು ಬೇಡ, ಔಷಧಿ ಬೇಡ, ಅರಿಶಿನದ ನೀರು ಬೇಡ, ಹತ್ತಿ ತುರುಕುವುದೂ ಬೇಡ. ತುರ್ತಾಗಿ ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ತುಂಬಿರುವುದು ದೊಡ್ಡ ತೊಂದರೆ. ರಕ್ತವೇ ಆಗಲೇ ಹೊಟ್ಟೆಯಲ್ಲಿ ಇರುತ್ತದೆ, ಅದರ ಮೇಲೆ ಇನ್ನೊಂದು ಬೇಡ. ಕೊನೆಯದಾಗಿ ಏನು, ಎಷ್ಟು ಹೊತ್ತಿಗೆ ತಿಂದಿತು ಅನ್ನುವುದನ್ನು ಇದ್ದ ಹಾಗೆ ಹೇಳಿ.

ನಮ್ಮ ತೋಟ ದೂರ. ಎಲ್ಲಿಗೆ ಹೋಗಬೇಕು? ಆಪರೇಷನ್ ಆಗಿದ್ದು ಮೈಸೂರಲ್ಲಿ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸುಮಾರು 140, ಅದೂ ಸಂಪಾಜೆ ಘಾಟಿ ಇಳಿದು. ರಕ್ತ ಹರಿಯುತ್ತಿರುವ ಮಗುವನ್ನು ಕೂರಿಸಿಕೊಂಡು ನಮ್ಮ ಡಾಕ್ಟರ್ ಹತ್ತಿರವೇ ಹೋಗುತ್ತೇವೆ ಅಂತ ಅಷ್ಟು ದೂರ ಹೊರಡಬೇಡಿ. ಮೊದಲು ಹತ್ತಿರದ, ರಾತ್ರಿಯೂ ಡಾಕ್ಟರ್ ಇರುವ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಡ್ರಿಪ್ ಹಾಕುತ್ತಾರೆ, ರಕ್ತದ ಗುಂಪು ನೋಡುತ್ತಾರೆ, ಮುಂದಕ್ಕೆ ಕಳಿಸಬೇಕಾದರೆ ಆಂಬ್ಯುಲೆನ್ಸ್‌ನಲ್ಲಿ ಕಳಿಸುತ್ತಾರೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನ ಬೋಧಕ ಆಸ್ಪತ್ರೆ. ನಿಮಗೆ ಹತ್ತಿರದ್ದು ಯಾವುದೇ ಆಗಿರಲಿ, ಆಪರೇಷನ್‌ಗೆ ಮುಂಚೆಯೇ ಹೋಗಿ ಕೇಳಿ: ರಾತ್ರಿ ಇಎನ್‌ಟಿ ಸರ್ಜನ್ ಸಿಗುತ್ತಾರಾ, ಅರಿವಳಿಕೆ ಡಾಕ್ಟರ್ ಸಿಗುತ್ತಾರಾ, ರಕ್ತ ಎಲ್ಲಿಂದ ಬರುತ್ತದೆ?

ಡಿಸ್ಚಾರ್ಜ್ ಚೀಟಿ, ಮಗುವಿನ ರಕ್ತದ ಗುಂಪು, ಸರ್ಜನ್ ನಂಬರ್, ಇದೆಲ್ಲ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಬಾಗಿಲ ಹಿಂದೆ ನೇತು ಹಾಕಿ. ನಂಬರ್ ಮೊಬೈಲ್‌ನಲ್ಲಿ ಇದೆ ಅನ್ನುತ್ತೀರಿ, ಆದರೆ ಕರೆಂಟ್ ಹೋಗಿ ಎರಡು ದಿನ ಆದರೆ ಮೊಬೈಲ್ ಎಲ್ಲಿರುತ್ತದೆ ಅಂತ ನಮಗೆಲ್ಲ ಗೊತ್ತು. ಮನೆಯಲ್ಲಿ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಅನ್ನುವುದು ಅಜ್ಜಿಗೂ ಗೊತ್ತಿರಲಿ. ತಿತಿಮತಿ, ಸಿದ್ದಾಪುರ ಕಡೆ ರಾತ್ರಿ ಆನೆ ರಸ್ತೆಗೆ ಬರುತ್ತದೆ. ಅಂಥ ಕಡೆ ಮನೆ ಇದ್ದರೆ, ಅಥವಾ ಗೇಟಿನಿಂದ ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲು ಮನೆಗೆ) ಮಣ್ಣಿನ ರಸ್ತೆಯಲ್ಲಿ ಜೀಪ್ ಮಾತ್ರ ಹೋಗುವುದಾದರೆ, ಆ ಹತ್ತು ಹನ್ನೆರಡು ದಿನ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಇರುವುದೇ ಒಳ್ಳೆಯದು. ಇದು ಅತಿ ಅನ್ನಿಸಿದರೂ ನಾನು ಇದನ್ನೇ ಹೇಳುತ್ತೇನೆ. ತೋಟದ ಕಾರ್ಮಿಕರಿಗೆ ಇದು ಕಷ್ಟ ಅಂತಲೂ ಗೊತ್ತು. ಅವರು ಮುಂಚೆಯೇ ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಮಾತಾಡಿ ಗಾಡಿ ಗೊತ್ತು ಮಾಡಿಟ್ಟುಕೊಳ್ಳಲಿ. ಮಾಲೀಕರು ಇದನ್ನು ಓದುತ್ತಿದ್ದರೆ, ಅವರು ಕೇಳುವ ಮುಂಚೆ ನೀವೇ ಹೇಳಿ.

ಮಳೆಗಾಲದಲ್ಲಿ ಮಾಡಿಸಬಹುದಾ?

ಗಾಯ ಮಾಯುವುದಕ್ಕೆ ಮಳೆಯಿಂದ ತೊಂದರೆ ಇಲ್ಲ. ತೊಂದರೆ ರಸ್ತೆಯದ್ದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಮುಚ್ಚಿಹೋಗಿತ್ತಲ್ಲ. ಮಗು ನಿದ್ದೆಯಲ್ಲಿ ಉಸಿರುಕಟ್ಟಿ ಒದ್ದಾಡುತ್ತಿದ್ದರೆ ಡಾಕ್ಟರ್ ಹೇಳಿದಾಗ ಮಾಡಿಸಿ, ಮಳೆ ನೋಡಬೇಡಿ. ಕಾಯಬಹುದು ಅಂತ ಅವರೇ ಹೇಳಿದರೆ ಜೂನ್‌ನಿಂದ ಆಗಸ್ಟ್ ಬಿಟ್ಟುಬಿಡಿ. ಹೆಚ್ಚಿನವರು ಏಪ್ರಿಲ್–ಮೇ ರಜೆಯಲ್ಲಿ ಮಾಡಿಸುತ್ತಾರೆ, ಅದು ಸರಿ, ಆದರೆ ಎರಡನೇ ವಾರದಲ್ಲೇ ಕೊಡವ ಹಾಕಿ ಹಬ್ಬದ ಪಂದ್ಯಕ್ಕೋ ಮದುವೆಗೋ ಮಗುವನ್ನು ಕರೆದುಕೊಂಡು ಸುತ್ತುತ್ತಾರೆ, ಅದು ಸರಿಯಲ್ಲ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಮತ್ತೆ ಆಪರೇಷನ್ನಾ?

ಎಲ್ಲರಿಗೂ ಇಲ್ಲ. ಕೈಗೆ ಸೂಜಿ ಹಾಕಿ, ಹಿಮೋಗ್ಲೋಬಿನ್ ನೋಡಿ, ರಕ್ತ ಬೇಕಾಗಬಹುದು ಅಂತ ಹೊಂದಿಸಿಟ್ಟುಕೊಳ್ಳುತ್ತಾರೆ. ರಕ್ತ ನಿಂತಿದ್ದರೆ ಬಾಯಿಗೆ ಏನೂ ಕೊಡದೆ ಕಾದು ನೋಡುತ್ತಾರೆ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ, ಹೆಪ್ಪು ಬೇಗ ಕರಗದಂತೆ ತಡೆಯುವ ಔಷಧಿ ಕೊಡಬಹುದು. ಹೇಳಿದ ಮಾತು ಕೇಳುವ ದೊಡ್ಡ ಮಕ್ಕಳಾದರೆ ಗಂಟಲಲ್ಲೇ ಔಷಧಿ ನೆನೆಸಿದ ಗಾಜ್ ಒತ್ತಿ ಹಿಡಿಯುತ್ತಾರೆ. ಪುಟ್ಟ ಮಕ್ಕಳು ಅದಕ್ಕೆ ಬಿಡುವುದಿಲ್ಲ. ನಿಲ್ಲದಿದ್ದರೆ ಥಿಯೇಟರ್‌ಗೆ ಕರೆದೊಯ್ದು, ಅರಿವಳಿಕೆ ಕೊಟ್ಟು, ನಾಳವನ್ನು ಸುಟ್ಟು ಅಥವಾ ಹೊಲಿದು ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಬೇಗ ಮುಗಿಯುವ ಕೆಲಸ. ನಿಮಗೆ ಹೊರಗೆ ಕೂತು ಅದು ಗಂಟೆಗಟ್ಟಲೆ ಅನ್ನಿಸುತ್ತದೆ, ಅಷ್ಟೇ.

ರಕ್ತ ಪರೀಕ್ಷೆ ಎಲ್ಲ ನಾರ್ಮಲ್ ಇತ್ತಲ್ಲ, ಆದರೂ ಬರುತ್ತಾ?

ಬರಬಹುದು. ಹೆಪ್ಪುಗಟ್ಟುವ ಸಾಮಾನ್ಯ ಪರೀಕ್ಷೆಗಳು ಎಲ್ಲವನ್ನೂ ಹಿಡಿಯುವುದಿಲ್ಲ. ಹುಟ್ಟಿನಿಂದ ಬರುವ ರಕ್ತಸ್ರಾವದ ತೊಂದರೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಅದು ಸೌಮ್ಯವಾಗಿದ್ದರೆ ಈ ಪರೀಕ್ಷೆಗಳು ನಾರ್ಮಲ್ ಬರಬಹುದು. ಪರೀಕ್ಷೆಗಿಂತ ನಿಮ್ಮ ಮನೆಯ ಕಥೆ ನಮಗೆ ಜಾಸ್ತಿ ಹೇಳುತ್ತದೆ. ಮಗುವಿಗೆ ಪದೇ ಪದೇ ಮೂಗಿನಿಂದ ರಕ್ತ ಬಂದು ಹತ್ತು ನಿಮಿಷವಾದರೂ ನಿಲ್ಲುವುದಿಲ್ಲವಾ? ತಾಗದೇ ಮೈಮೇಲೆ ನೀಲಿ ಗುರುತು ಬೀಳುತ್ತದಾ? ಹಲ್ಲು ಕಿತ್ತಾಗ, ಸುನ್ನತಿ ಮಾಡಿಸಿದಾಗ ರಕ್ತ ನಿಲ್ಲದೆ ಕಷ್ಟ ಆಗಿತ್ತಾ? ಅಮ್ಮನಿಗೆ ಹೆರಿಗೆಯಲ್ಲಿ, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗಿತ್ತಾ? ತಾಯಿಯ ಅಣ್ಣ ತಮ್ಮಂದಿರಿಗೆ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇದೆಯಾ? ಇಂಥ ವಿಷಯ ಗಂಡನ ಮನೆಯವರ ಮುಂದೆ ಹೇಳಲು ಮುಜುಗರ ಅಂತ ಕೆಲವರು ಮುಚ್ಚಿಡುತ್ತಾರೆ. ಒಬ್ಬರೇ ಬಂದು ಹೇಳಿ. ಮುಂಚೆ ಗೊತ್ತಿದ್ದರೆ ತಯಾರಿ ಮಾಡಿಕೊಂಡು ಆಪರೇಷನ್ ಮಾಡಬಹುದು.

ಲೇಸರ್, ಕೊಬ್ಲೇಷನ್ ಅಂತ ಜಾಸ್ತಿ ದುಡ್ಡು ಕೊಟ್ಟರೆ ರಕ್ತ ಬರಲ್ವಂತೆ?

ಹಾಗೆ ಗ್ಯಾರಂಟಿ ಕೊಡುವವರನ್ನು ನಂಬಬೇಡಿ. ಮೇಲೆ ಹೇಳಿದ ಇಂಗ್ಲೆಂಡಿನ ಲೆಕ್ಕದಲ್ಲಿ, ಕೊಬ್ಲೇಷನ್ ಸೇರಿ ಬಿಸಿ ಅಥವಾ ಕರೆಂಟ್ ಬಳಸುವ ವಿಧಾನಗಳಿಗಿಂತ ಹಳೇ ಕಾಲದ ಬ್ಲೇಡ್, ಹೊಲಿಗೆ ವಿಧಾನದಲ್ಲೇ ತಡವಾಗಿ ರಕ್ತ ಬರುವುದು ಕಡಿಮೆ ಇತ್ತು. ಗೊರಕೆಯ ಮಕ್ಕಳಿಗೆ ಟಾನ್ಸಿಲ್‌ನ ಹೊರಪದರ ಉಳಿಸಿ ಒಳಗಿನದ್ದು ಮಾತ್ರ ತೆಗೆಯುವ ವಿಧಾನ ಇದೆ. ಅದರಲ್ಲಿ ರಕ್ತ, ನೋವು ಎರಡೂ ಕಡಿಮೆ, ಆದರೆ ಉಳಿದ ತುಂಡು ಮತ್ತೆ ಬೆಳೆಯಬಹುದು. ನಿಮ್ಮ ಸರ್ಜನ್‌ಗೆ ಕೈ ಪಳಗಿರುವ ವಿಧಾನ ಯಾವುದು ಅಂತ ಕೇಳಿ.

ನೋವಿಗೆ ಯಾವ ಔಷಧಿ ಕೊಡಬಹುದು?

ಪ್ಯಾರಾಸಿಟಮಾಲ್. ಕೆಜಿಗೆ 15 ಮಿಲಿಗ್ರಾಂ ಲೆಕ್ಕ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಬಾಟಲಿ ಮೇಲೆ ಓದಿ ನೋಡಿ, 5 ಎಂಎಲ್‌ಗೆ 125 ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಅಕ್ಕನ ಮಗನಿಗೆ ಕೊಟ್ಟ ಹಾಗೇ ಒಂದು ಚಮಚ ಅಂತ ಕೊಟ್ಟರೆ ಡಬಲ್ ಆಗಬಹುದು ಅಥವಾ ಅರ್ಧ ಆಗಬಹುದು. ಮೊದಲ ಕೆಲವು ದಿನ ನೋವು ಬರಲಿ ಅಂತ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಿ. ನೋವಿದ್ದರೆ ಮಗು ನೀರು ಕುಡಿಯುವುದಿಲ್ಲ, ಕುಡಿಯದಿದ್ದರೆ ಗಂಟಲು ಒಣಗಿ ನೋವು ಇನ್ನೂ ಹೆಚ್ಚುತ್ತದೆ.

ಐಬುಪ್ರೊಫೆನ್ ಕೊಡಬಹುದು ಅಂತ ಅಮೆರಿಕದ ಇಎನ್‌ಟಿ ಡಾಕ್ಟರ್‌ಗಳ 2019ರ ಮಾರ್ಗಸೂಚಿ ಹೇಳುತ್ತದೆ, ಆದರೂ ರಕ್ತದ ಭಯಕ್ಕೆ ಬೇಡ ಅನ್ನುವ ಸರ್ಜನ್‌ಗಳಿದ್ದಾರೆ. ಕೇಳಿಯೇ ಕೊಡಿ. ಮೆಫ್ಟಾಲ್ ಕೂಡ ಅದೇ ಗುಂಪಿನದ್ದು. ಕಾಂಬಿಫ್ಲಾಮ್ ಥರದ್ದರಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ, ಎರಡೂ ಕೊಟ್ಟರೆ ಅದು ಜಾಸ್ತಿಯಾಗುತ್ತದೆ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಕೊಡೀನ್ ಇರುವ ಕೆಮ್ಮಿನ ಸಿರಪ್ ಅಂತೂ ಮುಟ್ಟಬೇಡಿ. ಕೆಲವು ಮಕ್ಕಳ ಮೈ ಅದನ್ನು ಬೇಗನೆ ಮಾರ್ಫಿನ್ ಆಗಿ ಬದಲಿಸಿ ಉಸಿರಾಟವೇ ನಿಧಾನವಾಗುತ್ತದೆ. 2013ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಆಪರೇಷನ್ ಆದ ಮಕ್ಕಳಿಗೆ ಅದು ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದೆ.

ಕಿವಿನೋವು ಬಂದರೆ ಕಿವಿಗೆ ಎಣ್ಣೆ ಬಿಡಬೇಡಿ. ಗಂಟಲಿಗೂ ಕಿವಿಗೂ ಒಂದೇ ನರ ಹೋಗುವುದರಿಂದ ಗಂಟಲ ನೋವೇ ಕಿವಿಯಲ್ಲಿ ಅನ್ನಿಸುತ್ತದೆ.

ಊಟಕ್ಕೆ ಏನು? ಐಸ್‌ಕ್ರೀಮೇ ಕೊಡಬೇಕಾ?

ಐಸ್‌ಕ್ರೀಮ್ ಕಡ್ಡಾಯ ಅಲ್ಲ, ಮಕ್ಕಳು ಹಾಗೆ ಹೇಳಿದರೆ ನಂಬಬೇಡಿ. ಮುಖ್ಯ ನೀರು. ದಿನಪೂರ್ತಿ ಸ್ವಲ್ಪ ಸ್ವಲ್ಪ ಕುಡಿಯುತ್ತಿರಲಿ. ಮೆತ್ತಗಿನದ್ದು ಏನಾದರೂ ಸರಿ: ಗಂಜಿ, ಮೊಸರನ್ನ, ಹಾಲಲ್ಲಿ ನೆನೆಸಿದ ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಆರಿಸಿ ಕಿವುಚಿದ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಬಾಳೆಹಣ್ಣು. ಎರಡು ವಾರ ಚಕ್ಕುಲಿ, ಚಿಪ್ಸ್, ಗರಿಗರಿ ರೊಟ್ಟಿ ಬೇಡ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿದ ಕರಿ, ಕಿತ್ತಳೆ ಹಣ್ಣು ಉರಿಯುತ್ತವೆ. ಕಾಳುಮೆಣಸಿನ ಬಿಸಿ ಕಷಾಯ ಶೀತಕ್ಕೆ ಇರಬಹುದು, ಹಸಿ ಗಾಯಕ್ಕೆ ಅಲ್ಲ.

ಕೆಂಪು ಬಣ್ಣದ ಜ್ಯೂಸ್, ಬೀಟ್‌ರೂಟ್ ಬೇಡ ಅನ್ನುವುದಕ್ಕೆ ಕಾರಣ ಬೇರೆ. ಮಗು ವಾಂತಿ ಮಾಡಿದರೆ ರಕ್ತವೋ ಬೀಟ್‌ರೂಟೋ ಗೊತ್ತಾಗುವುದಿಲ್ಲ. ಕಕ್ಕಡ 18ರ (ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನದ) ಸಮಯದಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸವೂ ಇದೇ ಲೆಕ್ಕಕ್ಕೆ ಬರುತ್ತದೆ. ಅದರ ನೇರಳೆ ಬಣ್ಣ ವಾಂತಿಯಲ್ಲಿ ಹೇಗೆ ಕಾಣುತ್ತದೆ ಅಂತ ಯೋಚಿಸಿ, ಮೂತ್ರವೂ ಕೆಂಪಾಗಿ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಈ ವರ್ಷ ಮಗುವಿಗೆ ಪಾಯಸ ತಪ್ಪಿದರೆ ತಪ್ಪಲಿ.

ಆಂಟಿಬಯೋಟಿಕ್ ಕೊಟ್ಟರೆ ರಕ್ತ ಬರೋದು ತಪ್ಪುತ್ತಾ?

ಅದಕ್ಕೆ ಒಳ್ಳೆಯ ಪುರಾವೆ ಇಲ್ಲ. ಡಾಕ್ಟರ್ ಬರೆದಿದ್ದರೆ ಯಾಕೆ ಅಂತ ಕೇಳಿ, ನೀವಾಗಿ ಶುರು ಮಾಡುವುದೂ ಬೇಡ, ನಿಲ್ಲಿಸುವುದೂ ಬೇಡ. ಮೊದಲ ಒಂದೆರಡು ದಿನ ಸಣ್ಣ ಜ್ವರ ಬಂದರೆ ಸಾಮಾನ್ಯ. ಜ್ವರ 101 ದಾಟಿ ಇಳಿಯದಿದ್ದರೆ ಅಥವಾ ಮಗು ಏನೂ ಕುಡಿಯದೆ ಮೂತ್ರ ಕಡಿಮೆಯಾದರೆ ತೋರಿಸಿ.

ಶಾಲೆಗೆ, ಆಟಕ್ಕೆ ಯಾವಾಗ ಕಳಿಸಬಹುದು?

ಹತ್ತು ದಿನದಿಂದ ಎರಡು ವಾರ ಮನೆಯಲ್ಲೇ ಇರಲಿ. ಓಟ, ಹಾಕಿ, ಈಜು ಎರಡು ವಾರದ ನಂತರ, ಸರ್ಜನ್ ಗಂಟಲು ನೋಡಿ ಸರಿ ಅಂದ ಮೇಲೆ. ದೂರದ ಪ್ರಯಾಣವೂ ಹಾಗೆಯೇ. ಹಾಸ್ಟೆಲ್‌ನಲ್ಲಿ ಓದುವ ಮಗುವಾದರೆ ಎರಡು ವಾರ ತುಂಬುವ ಮುಂಚೆ ವಾಪಸ್ ಕಳಿಸಬೇಡಿ, ರಾತ್ರಿ ಅದು ಎಷ್ಟು ಸಲ ನುಂಗುತ್ತಿದೆ ಅಂತ ಅಲ್ಲಿ ನೋಡುವವರು ಯಾರೂ ಇರುವುದಿಲ್ಲ. ವಾರ್ಡನ್‌ಗೆ ಆಪರೇಷನ್ ಆದ ತಾರೀಖು ಬರೆದು ಕೊಡಿ.